ಬಂಗಾರ ಚುಚ್ಚಿದ ಕಣ್ಣು

ನನ್ನ ಎಡಗಣ್ಣಿಗೆ ಬಂಗಾರ ಚುಚ್ಚಿತು.

ನಗಬೇಡಿ. ರಾಯಚೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಮುಂದೆಯೂ ಇದನ್ನೇ ಹೇಳಿ ಫಜೀತಿ ಮಾಡಿಕೊಂಡೆವು. ಆ ಕತೆಗೆ ಆಮೇಲೆ ಬರುತ್ತೇನೆ. ಮೊದಲು, ದಸರಾ ಆದಾಗಿನಿಂದ ಈ ಅಂಕಣ ಯಾಕೆ ನಾಪತ್ತೆ ಎಂದು ಕೇಳಿದವರಿಗೆ ಉತ್ತರ: ಬರೆಯುವವನ ಒಂದು ಕಣ್ಣು ರಿಪೇರಿಗೆ ಹೋಗಿತ್ತು. (ಈ ಜಾಗದಲ್ಲಿ ಒಂದು ವಾರ ಗೊಬ್ಬರದ ಜಾಹೀರಾತು ಬಂದಿತ್ತು. "ಈ ಸಲ ಭಾಳ ಉಪಯೋಗ ಆಗೂವಂಥಾದ್ದು ಬರದೀರಿ ಸರ" ಎಂದು ಒಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಹೊಗಳಿದರು. ಅವರ ಹೆಸರು ಹೇಳುವುದಿಲ್ಲ.)

ನಮ್ಮ ಕಡೆಯವರಿಗೆ ಬನ್ನಿ ಎಂದರೆ ಬಿಡಿಸಿ ಹೇಳಬೇಕಿಲ್ಲ. ಆದರೆ ಈ ಪತ್ರಿಕೆ ತುಂಗಭದ್ರೆಯ ಆಚೆಗೂ ಹೋಗುತ್ತದೆ ಎಂದು ಸಂಪಾದಕರು ಹೇಳಿಕೊಳ್ಳುವುದರಿಂದ ಎರಡು ಮಾತು. ವಿಜಯದಶಮಿಯ ಸಂಜೆ ನಾವು ಒಬ್ಬರಿಗೊಬ್ಬರು ಬನ್ನಿ ಎಲೆ ಕೊಡುತ್ತೇವೆ. ಅದನ್ನು ಎಲೆ ಎನ್ನುವುದಿಲ್ಲ, ಬಂಗಾರ ಎನ್ನುತ್ತೇವೆ. "ಬಂಗಾರ ತಗೊಂಡು ಬಂಗಾರದಂಗ ಇರೂಣ" ಎನ್ನುತ್ತ ಹಿರಿಯರ ಕಾಲು ಮುಟ್ಟುತ್ತೇವೆ, ಓರಗೆಯವರನ್ನು ಅಪ್ಪಿಕೊಳ್ಳುತ್ತೇವೆ. ವರ್ಷವಿಡೀ ಮುಖ ತಿರುಗಿಸಿಕೊಂಡು ಓಡಾಡಿದವರೂ ಅವತ್ತು ಮಾತಾಡಲೇಬೇಕು. ಒಳ್ಳೆಯ ಪದ್ಧತಿ. ಒಂದೇ ತೊಂದರೆ ಎಂದರೆ ಬನ್ನಿ ಗಿಡಕ್ಕೆ ಮುಳ್ಳಿದೆ.

ಮಾನ್ವಿಯ ನಮ್ಮ ಮನೆಗೆ ಪ್ರತಿ ದಸರಾದಲ್ಲಿ ಮೊದಲ ಬಂಗಾರ ತರುವವನು ಖಾಜಾ. ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ನಾವಿಬ್ಬರೂ ಒಂದನೇ ಇಯತ್ತೆಯಿಂದ ಜೊತೆಗೇ ಓದಿ ಜೊತೆಗೇ ಫೇಲಾದವರು. ಆಮೇಲೆ ಅವನು ಓದು ಬಿಟ್ಟ, ನಾನು ಬಿಡದೆ ದೇವದುರ್ಗದ ಹೈಸ್ಕೂಲಿನಲ್ಲಿ ಮಾಸ್ತರನಾದೆ. (ಇಬ್ಬರಲ್ಲಿ ಜಾಣ ಯಾರೆಂದು ನಮ್ಮಿಬ್ಬರ ಮನೆಗಳನ್ನು ನೋಡಿದರೆ ತಿಳಿಯುತ್ತದೆ.) ರಜೆಗೆ ನಾನು ಊರಿಗೆ ಬಂದಿದ್ದೇನೆ ಎಂದು ಗೊತ್ತಾದರೆ ಸಾಕು, ಅಂಗಡಿ ಮುಚ್ಚುವ ಮೊದಲೇ ಅವನ ದನಿ ನಮ್ಮ ಓಣಿಯಲ್ಲಿ ಕೇಳುತ್ತದೆ.

ಈ ಸಲ ಅವನು ಎಲೆ ಕಿತ್ತುಕೊಂಡು ಬರಲಿಲ್ಲ. ಟೊಂಗೆಯನ್ನೇ ಮುರಿದುಕೊಂಡು ಬಂದಿದ್ದ.

"ಎಲ್ಲರೂ ಚೂರು ಚೂರು ಬಂಗಾರ ಕೊಡ್ತಾರ. ನಾ ಹಟ್ಟಿ ಗಣಿನಾ ಹೊತ್ಕೊಂಡು ಬಂದೀನಿ ನೋಡು," ಎಂದ. ಟೊಂಗೆ ಹಿಡಿದ ಕೈಯಿಂದಲೇ ನನ್ನನ್ನು ಅಪ್ಪಿಕೊಂಡ. ಕಣ್ಣಿಗೆ ಚುರ್ ಎಂದಿತು.

"ಏನಾತಲೇ ಬಸ್ಯಾ?"

"ಏನಿಲ್ಲ ಬಿಡು. ಕಸ ಬಿದ್ದದ."

ಹಬ್ಬದ ದಿನ ಬಂಗಾರ ತಂದವನಿಗೆ ಇನ್ನೇನು ಹೇಳಲಿಕ್ಕೆ ಬರುತ್ತದೆ? ಒಂದು ಕಣ್ಣಲ್ಲಿ ನೀರು ಸುರಿಸುತ್ತ ಅವನ ಪಕ್ಕದಲ್ಲೇ ಕೂತು ಹೋಳಿಗೆ ಉಂಡೆ. ನಮ್ಮ ಭಾಷೆಯಲ್ಲಿ ಎಲ್ಲಕ್ಕಿಂತ ಅಪಾಯದ ಶಬ್ದ ಯಾವುದು ಎಂದು ಮಕ್ಕಳಿಗೆ ಪ್ರಶ್ನೆ ಕೊಡಬೇಕೆಂದಿದ್ದೇನೆ. ಉತ್ತರ: 'ಏನಿಲ್ಲ'.

ಮರುದಿನ ಕಣ್ಣು ಕೆಂಪಾಗಿತ್ತು. ಔಷಧದ ಅಂಗಡಿಯವನು ಕೊಟ್ಟ ಹನಿ ಬಿಟ್ಟುಕೊಂಡೆ. ಕೆಂಪು ಇಳಿಯಿತು, ನೋವೂ ಇಳಿಯಿತು. ಇಳಿಯದೆ ಉಳಿದದ್ದು ಮಂಜು. ಒಂದು ವಾರ ಕಳೆದಿರಬೇಕು, ಬೆಳಿಗ್ಗೆ ಚಹಾ ಕೊಡಲು ಬಂದ ನನ್ನ ಹೆಂಡತಿ ಶಾಂತಾ ಲೋಟ ಕೆಳಗಿಟ್ಟು, ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು.

"ರೀ, ಕರಿಗುಡ್ಡಿ ನಡುವ ಬೆಳ್ಳಗಾಗ್ಯದ. ಹೂ ಬಿದ್ದದ ಏನ್ರಿ ಇದು?"

ಕಣ್ಣಲ್ಲಿ ಬಿಳಿ ಕಂಡರೆ ನಮ್ಮವರು 'ಹೂ ಬಿದ್ದಿದೆ' ಎನ್ನುತ್ತಾರೆ. ಕಣ್ಣು ಹೋಗುವುದಕ್ಕೆ ಇಷ್ಟು ಚಂದದ ಹೆಸರಿಟ್ಟವರು ಯಾರೋ ಕಾಣೆ. ಸುದ್ದಿ ಓಣಿ ಸೇರಿದ್ದೇ ತಡ, ಔಷಧಿಗಳು ಬಂದವು. ಒಬ್ಬರು ಜೇನುತುಪ್ಪ ಎಂದರು. ಒಬ್ಬರು ಉಳ್ಳಾಗಡ್ಡಿ ರಸ ಎಂದರು. ಮಲ್ಲಟದಲ್ಲಿ ನಾಲಿಗೆಯಿಂದ ಕಣ್ಣಿನ ಕಸ ತೆಗೆಯುವ ಮುದುಕಿ ಇದ್ದಾಳೆ, ಕರೆಸೋಣವೇ ಎಂದು ಇನ್ನೊಬ್ಬರು. ನಾನು ಎಲ್ಲರಿಗೂ ತಲೆಯಾಡಿಸಿದೆ, ಯಾರು ಹೇಳಿದ್ದನ್ನೂ ಮಾಡಲಿಲ್ಲ. ಇದು ಸ್ಟಾಫ್ ಮೀಟಿಂಗುಗಳಲ್ಲಿ ಕಲಿತ ವಿದ್ಯೆ.

ಕೊನೆಗೆ ಕವಿತಾಳದಿಂದ ನನ್ನ ಸೋದರಮಾವ ವಿರುಪಣ್ಣ ಬಂದರು.

ಕಣ್ಣಿನ ವಿಷಯದಲ್ಲಿ ಅವರು ನಮ್ಮ ಮನೆತನದ ಸ್ಪೆಷಲಿಸ್ಟ್. ಕೆಲವು ವರ್ಷಗಳ ಹಿಂದೆ ದೇವದುರ್ಗದ ಶಾಲೆಯೊಂದರಲ್ಲಿ ನಡೆದ ನೇತ್ರ ಶಿಬಿರದಲ್ಲಿ ಪೊರೆ ತೆಗೆಸಿಕೊಂಡವರು. ಸೀಸೆಯ ತಳದಂಥ ದಪ್ಪ ಕನ್ನಡಕ ಹಾಕಿಕೊಂಡು ವಾಪಸ್ ಬಂದ ದಿನದಿಂದ, ಊರಿನ ಯಾರ ಕಣ್ಣಿಗೆ ಏನಾದರೂ ಮೊದಲು ಅವರಿಗೆ ತೋರಿಸಬೇಕು. ಅವರು ನನ್ನನ್ನು ಅಂಗಳಕ್ಕೆ ಕರೆದು, ರೆಪ್ಪೆ ಎತ್ತಿ, ಬಹಳ ಹೊತ್ತು ನೋಡಿದರು.

"ಹೂ ಅಲ್ಲಪ್ಪಾ ಇದು, ಪೊರಿ. ಹೂ ಇದ್ರ ಕತಿ ಮುಗೀತಿತ್ತು. ಪೊರಿಗೆ ಚಿಂತಿ ಇಲ್ಲ, ತೆಗೀತಾರ. ಆದ್ರ ಇನ್ನಾ ಹಸಿ ಅದ. ಹಣ್ಣಾಗಲಿ."

ಅವರ ಮಾತಿನ ಮೊದಲರ್ಧ ಪೂರ್ತಿ ಸರಿಯಾಗಿತ್ತು. ಎರಡನೆಯ ಅರ್ಧದಲ್ಲಿ ನನ್ನ ಕಣ್ಣು ಹೋಗುವುದಿತ್ತು.

ಮಾವ ಸುಳ್ಳು ಹೇಳಲಿಲ್ಲ. ಅವರನ್ನು ಶಿಬಿರದ ಡಾಕ್ಟರೇ ಒಮ್ಮೆ ಹಾಗೆಂದು ವಾಪಸ್ ಕಳಿಸಿದ್ದರಂತೆ. ಇನ್ನೂ ಹಣ್ಣಾಗಿಲ್ಲ, ಮುಂದಿನ ಶಿಬಿರಕ್ಕೆ ಬಾ ಎಂದು. ಮಾವ ಕಾದರು, ಹಣ್ಣಾಯಿತು, ತೆಗೆದರು, ಕಣ್ಣು ಬಂತು. ಅನುಭವ ಎಂದರೆ ಇದೇ ಅಲ್ಲವೇ? ಒಬ್ಬರಿಗೆ ಒಳ್ಳೆಯದಾದದ್ದನ್ನು ಇನ್ನೊಬ್ಬರಿಗೂ ಕೊಡುವುದು. ಕನ್ನಡಕವನ್ನು ಹಾಗೆ ಕೊಡುವುದಿಲ್ಲ, ಸಲಹೆಯನ್ನು ಮಾತ್ರ ಕೊಡುತ್ತೇವೆ.

ಮೊದಲು ಮುಳ್ಳು, ಆಮೇಲೆ ಹೂ, ಈಗ ಹಣ್ಣು. ನನ್ನ ಕಣ್ಣಲ್ಲಿ ಒಂದು ತೋಟವೇ ಎದ್ದಿತ್ತು. ಕಾವಲಿಗೆ ಮಾವ.

ನನಗೂ ಆ ತೀರ್ಪು ಹಿತವಾಯಿತು. ಯಾಕಾಗಬಾರದು? ಹಣ್ಣಾಗಲಿ ಎಂದರೆ ಇವತ್ತು ಆಸ್ಪತ್ರೆ ಇಲ್ಲ ಎಂದರ್ಥ. ನಮ್ಮ ಮನೆಗಳಲ್ಲಿ ಹೀಗೆ ಹಣ್ಣಾಗಲೆಂದು ಬಿಟ್ಟದ್ದು ಒಂದೇ ಎರಡೇ? ಸೋರುವ ಮಾಳಿಗೆ, ಅಣ್ಣತಮ್ಮಂದಿರ ಮುನಿಸು, ಸೊಸೆಯ ಕೆಮ್ಮು. ಎಲ್ಲವೂ ತಮ್ಮಷ್ಟಕ್ಕೆ ಪಕ್ವವಾಗಿ ಒಂದು ದಿನ ನಮ್ಮ ಕೈಗೆ ಬೀಳುತ್ತವೆ ಎಂದು ನಂಬಿದ್ದೇವೆ. ಬೀಳುತ್ತವೆ ನಿಜ. ತಲೆಯ ಮೇಲೆ.

ಒಪ್ಪದವನು ಖಾಜಾ ಒಬ್ಬನೇ. ಚುಚ್ಚಿದ್ದು ತನ್ನ ಟೊಂಗೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ತಾನೇ ತಿಳಿದುಕೊಂಡಿದ್ದ. ದಿನಾ ಬರುತ್ತಿದ್ದ. ಬಂದವನೇ ನನ್ನನ್ನು ಬಾಗಿಲ ಹತ್ತಿರ ಕರೆದು, ಬಣ್ಣ ಹೋಗಿದೆಯೋ ಎಂದು ಬಟ್ಟೆ ನೋಡುವಂತೆ ಕಣ್ಣು ನೋಡುತ್ತಿದ್ದ.

"ಬಸ್ಯಾ, ಅವತ್ತು ಕಸ ಅಲ್ಲ ಅದು. ನನ್ನ ಟೊಂಗಿ."

"ಯಾವ್ದರೆ ಆಗ್ಲಿ ಬಿಡೋ."

"ಬಿಡಾಕ ಬರಂಗಿಲ್ಲ. ನಾಳಿ ರಾಯಚೂರಿಗೆ ನಡಿ."

ಮಾವ ಪಡಸಾಲೆಯಿಂದಲೇ ಹೇಳುತ್ತಿದ್ದರು: "ಹಸೀದು ಕೊಯ್ದ್ರ ಕಣ್ಣು ಕೆಡ್ತದಪಾ. ನೀ ಬಟ್ಟಿ ವ್ಯಾಪಾರದಾಂವ, ನಿನಗ ಹೆಂಗ ತಿಳೀಬೇಕು?"

ಖಾಜಾ ಎದುರಾಡುತ್ತಿರಲಿಲ್ಲ. ಒಂದು ದಿನ ಮನೆಗೆ ಬಂದಿದ್ದ ನೆಂಟರೊಬ್ಬರು, "ಚುಚ್ಚಿದಾಂವಗ ಗಡಬಿಡಿ ಇರೂದು ಖರೇನ," ಎಂದು ಅವನಿಗೆ ಕೇಳುವ ಹಾಗೆಯೇ ಹೇಳಿದರು. ನನಗೆ ಮೈ ಉರಿಯಿತು. ಅವನು ಚಪ್ಪಲಿ ಮೆಟ್ಟಿಕೊಂಡು ಹೋದ. ಇನ್ನು ಬರಲಾರ ಎಂದುಕೊಂಡೆ. ಮರುದಿನ ಅದೇ ಹೊತ್ತಿಗೆ ಬಂದು ಮತ್ತೆ ಕಣ್ಣು ನೋಡಿದ.

ದೀಪಾವಳಿ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಎಡಗಣ್ಣಿನಿಂದ ನೋವು ಎದ್ದು ಅರ್ಧ ತಲೆಯನ್ನು ಹಿಡಿಯಿತು. ಗೋಡೆಗೆ ತಲೆ ಒತ್ತಿಕೊಂಡು ಕೂತೆ, ವಾಂತಿ ಮಾಡಿಕೊಂಡೆ. ಮಾವ ಮುಚ್ಚಿದ ರೆಪ್ಪೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿ ನೋಡಿದರು. ಅವರ ದನಿಯಲ್ಲಿ ಸಮಾಧಾನವಿತ್ತು.

"ಗಟ್ಟಿ ಆಗ್ಯದ. ಈಗ ಹಣ್ಣಾಗಾಕತ್ತದ ನೋಡು."

ಹಣ್ಣಾದರೆ ಮೆತ್ತಗಾಗಬೇಕಲ್ಲ ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಶಾಂತಾ ಯಾರನ್ನೂ ಕೇಳದೆ ಬಜಾರಿಗೆ ಓಡಿದಳು. ಖಾಜಾ ಕೂತಿದ್ದ ಗಿರಾಕಿಗಳನ್ನು ಎಬ್ಬಿಸಿ, ಅಂಗಡಿ ಬಾಗಿಲು ಹಾಕಿ, ಬಾಡಿಗೆ ಜೀಪು ತಂದು ಮನೆ ಮುಂದೆ ನಿಲ್ಲಿಸಿದ. ಬೇಡ ಎನ್ನಲು ಬಂದ ಮಾವನಿಗೂ ಜಾಗ ತೋರಿಸಿದ.

"ನೀವೂ ಹತ್ರಿ ಮಾವಾರ. ಹಣ್ಣಾಗ್ಯದೋ ಕೊಳತದೋ ಅಲ್ಲೇ ಕೇಳೂಣ."

ಮಾನ್ವಿಯಿಂದ ರಾಯಚೂರಿಗೆ ಹೋಗುವ ರಸ್ತೆಯನ್ನು ನೀವು ಬಲ್ಲಿರಿ. ನಾನು ಆವತ್ತು ಅದರ ಒಂದೊಂದು ಗುಂಡಿಯನ್ನೂ ಕಣ್ಣಿನಿಂದಲೇ ಎಣಿಸಿದೆ.

ಆಸ್ಪತ್ರೆಯ ಡಾಕ್ಟರ್ ಮೈಸೂರು ಕಡೆಯ ಹೆಣ್ಣುಮಗಳು. ನಮ್ಮ ಕಡೆಗೆ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. "ಹೇಗಾಯ್ತು ಇದು?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಖಾಜಾ ಹೇಳಿದ. "ನಾನಾ ಚುಚ್ಚೀನ್ರಿ."

ಬರೆಯುತ್ತಿದ್ದ ಪೆನ್ನು ನಿಂತಿತು. "ಯಾವುದರಿಂದ?"

"ಬಂಗಾರದಲೆ ಚುಚ್ಯಾನ್ರಿ," ಎಂದರು ಮಾವ, ಸಹಾಯಕ್ಕೆಂದು.

"ಬಂಗಾರನಾ? ಒಡವೆಯಿಂದ? ಜಗಳ ಆಗಿತ್ತಾ? ಹಾಗಿದ್ರೆ ಪೊಲೀಸಿಗೆ ತಿಳಿಸಬೇಕಾಗುತ್ತೆ."

"ಜಗಳ ಅಲ್ರಿ, ಅಪ್ಪಿಕೊಂಡಿದ್ದ," ಎಂದೆ ನಾನು.

"ಚುಚ್ಚಿಬಿಟ್ಟು ಅಪ್ಪಿಕೊಂಡ್ರಾ?"

"ಇಲ್ರಿ, ಅಪ್ಪಿಕೊಂಡು ಚುಚ್ಚೀನ್ರಿ," ಎಂದ ಖಾಜಾ, ಪ್ರಾಮಾಣಿಕವಾಗಿ.

ಮೂರು ಗಂಡಸರು ಸೇರಿ ಪೊಲೀಸ್ ಕೇಸು ಮಾಡುವುದರಲ್ಲಿದ್ದೆವು. ಶಾಂತಾ ಮುಂದೆ ಬಂದು, "ಬನ್ನಿ ಗಿಡದ ಮುಳ್ಳು ಮೇಡಂ. ದಸರಾದಾಗ," ಎಂದಳು. ಡಾಕ್ಟರಿಗೆ ಆಗ ತಿಳಿಯಿತು. ನಗು ಬಂದದ್ದು ಒಂದು ಕ್ಷಣ ಮಾತ್ರ.

"ದಸರಾದಲ್ಲಿ ಆಗಿದ್ದಕ್ಕೆ ಈಗ ಬರ್ತಾ ಇದೀರಾ? ಇಷ್ಟು ದಿನ ಏನು ಮಾಡ್ತಿದ್ರಿ?"

ಎಲ್ಲರೂ ಮಾವನ ಕಡೆ ನೋಡಿದೆವು. "ಹಣ್ಣಾಗ್ಲ್ಯಂತ ಬಿಟ್ಟಿದ್ವ್ರಿ," ಎಂದರು ಮಾವ. ಆ ಕೋಣೆಯಲ್ಲಿ ಆ ಮಾತು ಬೇರೆಯೇ ಕೇಳಿಸಿತು. ಅವರಿಗೂ ಹಾಗೇ ಕೇಳಿಸಿರಬೇಕು, ಕನ್ನಡಕ ತೆಗೆದು ಒರೆಸತೊಡಗಿದರು.

ಡಾಕ್ಟರ್ ಬೈಯಲಿಲ್ಲ. ಅದು ಅವರ ದೊಡ್ಡತನ. "ತಾತ, ನಿಮ್ಮ ಕಣ್ಣಿಗೆ ಆಗ ಹಾಗೆ ಹೇಳಿದ್ದು ಸರೀನೇ," ಎಂದರು. "ವಯಸ್ಸಿಗೆ ಬರೋ ಪೊರೆ ನಿಧಾನವಾಗಿ ಬೆಳೆಯುತ್ತೆ, ಕಾಯಬಹುದು. ಇವರದ್ದು ಪೆಟ್ಟಿನಿಂದ ಬಂದ ಪೊರೆ. ಕಣ್ಣೊಳಗಿನ ಲೆನ್ಸಿಗೆ ತೆಳು ಸಿಪ್ಪೆ ಇರುತ್ತೆ. ಮುಳ್ಳು ಅದನ್ನ ಹರಿದುಬಿಟ್ಟಿದೆ. ಒಳಗಿನ ಭಾಗ ನೀರು ಕುಡಿದು ನೆನೆಸಿದ ಕಡಲೆ ಥರ ಊದಿದೆ. ಅದಕ್ಕೇ ಕಣ್ಣಲ್ಲಿ ಒತ್ತಡ, ಅದಕ್ಕೇ ಈ ನೋವು. ಇದು ಹಣ್ಣಾಗೋದಲ್ಲ. ಹೀಗೇ ಬಿಟ್ಟರೆ ಹಿಂದಿನ ನರ ಸಾಯುತ್ತೆ. ನರ ಸತ್ತಮೇಲೆ ಪೊರೆ ತೆಗೆದು ಏನು ಮಾಡೋದು?"

ನರ ಇನ್ನೂ ಬದುಕಿದೆಯೋ ಇಲ್ಲವೋ ನೋಡಬೇಕಿತ್ತು. ಅದಕ್ಕೆ ದೊಡ್ಡ ಯಂತ್ರವೇನಿಲ್ಲ, ಒಂದು ಟಾರ್ಚು ಸಾಕು. ಒಳ್ಳೆಯ ಕಣ್ಣನ್ನು ಬೆಳಕು ಹೋಗದಂತೆ ಮುಚ್ಚಿ, ಕೆಟ್ಟ ಕಣ್ಣಿಗೆ ಒಂದೊಂದು ದಿಕ್ಕಿನಿಂದ ಟಾರ್ಚು ಹಿಡಿಯುತ್ತಾರೆ. ಬೆಳಕು ಎಲ್ಲಿಂದ ಬಂತು ಎಂದು ಹೇಳಬೇಕು. ಡಾಕ್ಟರ್ ಪಕ್ಕದಲ್ಲಿದ್ದ ಖಾಜಾನಿಗೆ, "ನೀವೇ ಮುಚ್ಚಿ, ಗಟ್ಟಿಯಾಗಿ," ಎಂದರು.

ಅವನ ಅಂಗೈ ನನ್ನ ಬಲಗಣ್ಣಿನ ಮೇಲೆ ಬಂತು.

"ಮ್ಯಾಲೆ," ಎಂದೆ. "ಕೆಳಗ." "ಬಲಕ್ಕ."

ಆಮೇಲೆ ಏನೂ ಕಾಣಲಿಲ್ಲ. ಹಾಲಿನಂಥ ಬಿಳಿ, ಅಷ್ಟೇ. ಡಾಕ್ಟರ್ ಕಾದರು. ನನ್ನ ಜೀವನದಲ್ಲಿ ಅಷ್ಟು ಹೆದರಿದ್ದು ನೆನಪಿಲ್ಲ. ಕಣ್ಣ ಮೇಲಿದ್ದ ಅಂಗೈ ಇನ್ನಷ್ಟು ಗಟ್ಟಿಯಾಗಿ ಒತ್ತಿತು. ಎಷ್ಟೋ ಹೊತ್ತಿನ ಮೇಲೆ ಒಂದು ಅಂಚು ಸ್ವಲ್ಪ ಬೆಳಗಾದಂತಾಯಿತು.

"ಎಡಕ್ಕ," ಎಂದೆ.

"ಊಹಿಸಿ ಹೇಳ್ತೀರೇನೋ ಅಂತ ನೋಡೋಕೆ ಬೆಳಕು ಆರಿಸಿದ್ದೆ. ಈಗ ಹಾಕಿದೆ," ಎಂದರು ಡಾಕ್ಟರ್. "ನರ ಇದೆ. ಆಪರೇಷನ್ ಮಾಡೋಣ. ಎಷ್ಟು ಕಾಣುತ್ತೆ ಅಂತ ಮಾತ್ರ ಈಗ ಕೇಳಬೇಡಿ." ಖಾಜಾ ಕೈ ತೆಗೆದ. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟನಂತೆ.

ಮೊದಲು ಮಾತ್ರೆ, ಇಂಜೆಕ್ಷನ್ ಕೊಟ್ಟು ಒತ್ತಡ ಇಳಿಸಿದರು. ಆಮೇಲೆ ಆಪರೇಷನ್. ಎಚ್ಚರವಾಗಿಯೇ ಇದ್ದೆ. ಕಣ್ಣಿನ ಬದಿಗೆ ಮರಗಟ್ಟಿಸುವ ಸೂಜಿ ಕೊಡುತ್ತಾರೆ. (ಆ ಒಂದು ನಿಮಿಷದ ಬಗ್ಗೆ ಬರೆಯುವುದಿಲ್ಲ, ನಿಮ್ಮಲ್ಲಿ ಕೆಲವರು ಊಟ ಮಾಡುತ್ತ ಓದುತ್ತೀರಿ.) ಮಾವನ ಪೊರೆಯನ್ನು ಬೀಜ ತೆಗೆದ ಹಾಗೆ ಇಡಿಯಾಗಿ ತೆಗೆದಿದ್ದರು. ನನ್ನದು ಎಳೆಯ ಕಣ್ಣು, ಒಳಗಿನದು ಮೆತ್ತಗೆ. ಸಣ್ಣಗೆ ಕೊಯ್ದು, ನೀರು ಬಿಟ್ಟು ತೊಳೆದು, ಸ್ವಲ್ಪ ಸ್ವಲ್ಪವಾಗಿ ಹೀರಿ ತೆಗೆದರು. ನೋವಿರಲಿಲ್ಲ. "ಅಲ್ಲಾಡಬೇಡಿ ಮೇಷ್ಟ್ರೇ, ಉಸಿರಾಡಿ," ಎಂಬ ದನಿಯೊಂದೇ ನೆನಪಿದೆ. ಮಕ್ಕಳಿಗೆ ಅಲ್ಲಾಡಬೇಡಿ ಎಂದು ಇಷ್ಟು ವರ್ಷ ಗದರಿಸಿದವನಿಗೆ ಅದೆಷ್ಟು ಕಷ್ಟದ ಕೆಲಸ ಎಂದು ತಿಳಿಯಿತು.

ಆಮೇಲಿನ ದಿನಗಳು ಇನ್ನೂ ಕಷ್ಟ. ಎರಡೂ ಕಣ್ಣಿಗೆ ಪಟ್ಟಿ. ತಲೆಯ ಎರಡು ಬದಿಗೆ ಮರಳಿನ ಚೀಲ. ಕೆಮ್ಮಬಾರದು, ಸೀನಬಾರದು, ಮಗ್ಗುಲಾಗಬಾರದು. ಶಾಂತಾ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಬಂದವರನ್ನೆಲ್ಲ ದನಿಯಿಂದ ಗುರುತಿಸುತ್ತಿದ್ದೆ. ಆದರೆ ದಿನಾ ಮಧ್ಯಾಹ್ನ ಒಬ್ಬರು ಬಂದು ಎಡಗಡೆ ಕೂರುತ್ತಿದ್ದರು, ಮಾತಾಡದೆ ಎದ್ದು ಹೋಗುತ್ತಿದ್ದರು. ಹೊಸ ಬಟ್ಟೆಯ ಗಂಜಿಯ ವಾಸನೆ ಬರುತ್ತಿತ್ತು.

"ಖಾಜಾ ಯಾಕ ಮಾತಾಡವಲ್ಲ?" ಎಂದು ಶಾಂತಾಳನ್ನು ಕೇಳಿದೆ.

"ಯಾವ ಬಾಯಿಲೆ ಮಾತಾಡ್ಲಿ ಭಾಬಿ ಅಂತಾನ್ರಿ. ಕಣ್ಣು ಕಾಣ್ಲಿ, ಆಮ್ಯಾಲೆ ಮಾತಾಡ್ತೀನಿ ಅಂತಾನ."

ಮರುದಿನ ಅವನು ಬಂದು ಕೂತಾಗ ಕೈ ಚಾಚಿ ಅವನ ಮೊಣಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ. ಮಾತೂ ಆಡಲಿಲ್ಲ.

ಪಟ್ಟಿ ಬಿಚ್ಚಿದಾಗ ಮಂಜು. ಅದು ಸಹಜವಂತೆ, ಒಳಗಿನ ಲೆನ್ಸನ್ನೇ ತೆಗೆದಿದ್ದಾರಲ್ಲ. ಗಾಯ ಮಾಗಲು ಬಿಟ್ಟು ಊರಿಗೆ ಕಳಿಸಿದರು. ಮಾವ ಕವಿತಾಳಕ್ಕೆ ಹೋಗಿ, "ಹಣ್ಣಾದ ಮ್ಯಾಲೇ ತೆಗಿಸಿದ್ವಿ," ಎಂದು ಹೇಳುತ್ತಿದ್ದಾರೆ ಎಂದು ಕೇಳಿದೆ. ಹೇಳಿಕೊಳ್ಳಲಿ. ಅವರು ಆ ಕೋಣೆಯಲ್ಲಿ ಕನ್ನಡಕ ಒರೆಸಿದ್ದನ್ನು ನಾನು ನೋಡಿದ್ದೇನೆ.

ನಾನು ಡ್ಯೂಟಿಗೆ ಹಾಜರಾದದ್ದು ಈಚೆಗೆ. ದೇವದುರ್ಗದಲ್ಲಿ ನನ್ನ ಕಣ್ಣಿನ ಸುದ್ದಿ ನನಗಿಂತ ಮೊದಲೇ ಬಂದು ಸೇರಿತ್ತು. ಶಾಲೆಯ ಎದುರಿನ ಚಹಾದಂಗಡಿಯಲ್ಲಿ ಒಬ್ಬರು ಬಹಳ ಕನಿಕರದಿಂದ ಕೇಳಿದರು: "ಮಾಸ್ತರ, ಆ ಮಾನ್ವಿ ಬಟ್ಟಿ ಅಂಗಡಿಯಾಂವ ನಿಮಗ ಕತ್ರಿಲೆ ಚುಚ್ಚಿದ್ನಂತಲ್ರಿ?" ಮುಳ್ಳು ಎಂದೆ. ಬನ್ನಿ ಎಂದೆ. ಅಪ್ಪಿಕೊಂಡಾಗ ಎಂದೆ. "ನೀವು ಭಾಳ ಒಳ್ಳೇವ್ರು ಬಿಡ್ರಿ," ಎಂದರು, ನಾನು ಏನೋ ಮುಚ್ಚಿಡುತ್ತಿದ್ದೇನೆ ಎಂಬಂತೆ. ಮಾನ್ವಿಯಲ್ಲೂ ಕೆಲವರು ಖಾಜಾನ ಅಂಗಡಿ ದಾಟಿ ಮುಂದಿನ ಅಂಗಡಿಗೆ ಹೋಗುತ್ತಾರೆ ಎಂದು ಶಾಂತಾ ಹೇಳಿದಳು. ಅವನು ಅದನ್ನು ನನಗೆ ಹೇಳಿಲ್ಲ. ಹೇಳುವವನೂ ಅಲ್ಲ.

ಕಳೆದ ವಾರ ಚೆಕಪ್ಪಿಗೆ ರಾಯಚೂರಿಗೆ ಹೋದೆವು. ಖಾಜಾನೂ ಬಂದಿದ್ದ. ಡಾಕ್ಟರ್ ಕಬ್ಬಿಣದ ಫ್ರೇಮಿನಲ್ಲಿ ಒಂದು ದಪ್ಪ ಗಾಜು ಇಟ್ಟು ನನ್ನ ಎಡಗಣ್ಣಿಗೆ ಹಿಡಿದರು. ಗೋಡೆಯ ಮೇಲಿನ ಅಕ್ಷರಗಳು ಕಂಡವು. ಕೆಳಗಿನ ಸಾಲಿನವರೆಗೂ ಓದಿದೆ. ಶಾಂತಾ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಡಾಕ್ಟರ್ ಬಲಗಣ್ಣನ್ನೂ ತೆರೆಯಲು ಹೇಳಿದರು. ತೆರೆದೆ.

ಬಾಗಿಲಲ್ಲಿ ಇಬ್ಬರು ಖಾಜಾ ನಿಂತಿದ್ದರು. ಒಬ್ಬ ಚಿಕ್ಕವನು, ಒಬ್ಬ ದೊಡ್ಡವನು.

"ನಾ ಕಾಣ್ತೀನೇನಲೇ?" ಎಂದರು ಇಬ್ಬರೂ. ಎಷ್ಟೋ ದಿನಗಳ ಮೇಲೆ ಕೇಳಿದ ದನಿ.

"ಇಬ್ಬರು ಕಾಣ್ತೀರಿ," ಎಂದೆ. ಅವನು ಹೆದರಿ ಡಾಕ್ಟರ್ ಕಡೆ ನೋಡಿದ.

ಒಂದೇ ಕಣ್ಣಿನ ಲೆನ್ಸ್ ತೆಗೆದರೆ ಹೀಗಾಗುತ್ತದಂತೆ. ದಪ್ಪ ಕನ್ನಡಕದಲ್ಲಿ ಆ ಕಣ್ಣಿಗೆ ಎಲ್ಲವೂ ದೊಡ್ಡದು, ಈ ಕಣ್ಣಿಗೆ ಇದ್ದಷ್ಟೇ. ಎರಡನ್ನೂ ಒಂದು ಮಾಡಲು ಮಿದುಳಿಗೆ ಆಗುವುದಿಲ್ಲ. ಕಣ್ಣೊಳಗೇ ಲೆನ್ಸ್ ಕೂರಿಸುವುದು ದೊಡ್ಡ ಊರುಗಳಲ್ಲಿ ಶುರುವಾಗಿದೆಯಂತೆ, ನಮ್ಮ ಕಡೆಗೆ ಇನ್ನೂ ಬಂದಿಲ್ಲ. ಸದ್ಯಕ್ಕೆ ಗುಡ್ಡೆಯ ಮೇಲೆ ಇಟ್ಟುಕೊಳ್ಳುವ ತೆಳು ಲೆನ್ಸನ್ನು ಹೈದರಾಬಾದಿನಿಂದ ತರಿಸಬೇಕು. ಆಗ ಎರಡೂ ಕಣ್ಣಿಗೆ ಒಂದೇ ಅಳತೆಯಲ್ಲಿ ಕಾಣುತ್ತದೆ.

ಬಸ್ಸಿನಲ್ಲಿ ವಾಪಸ್ ಬರುವಾಗ ಅವನು ನನ್ನ ಎಡಗಡೆಗೇ ಕೂತಿದ್ದ, ಕಿಟಕಿಯ ಗಾಳಿ ಕಣ್ಣಿಗೆ ಬಡಿಯದಂತೆ ತನ್ನ ಟವೆಲ್ ಹಿಡಿದುಕೊಂಡು. ನಾನು ಯೋಚಿಸಿದೆ. ಚುಚ್ಚಿದ ಖಾಜಾ ಒಬ್ಬ ಇದ್ದಾನೆ. ನಾವೆಲ್ಲ ಹಣ್ಣು ಕಾಯುತ್ತ ಕೂತಾಗ ನನ್ನನ್ನು ಎತ್ತಿ ಜೀಪಿಗೆ ಹಾಕಿದ ಖಾಜಾ ಒಬ್ಬ ಇದ್ದಾನೆ. ಊರಿನವರಿಗೆ ಮೊದಲಿನವನು ಎಷ್ಟು ದೊಡ್ಡದಾಗಿ ಕಾಣುತ್ತಿದ್ದಾನೆ ಎಂದರೆ, ಎರಡನೆಯವನು ಕಾಣುತ್ತಲೇ ಇಲ್ಲ.

ನನಗೇನೋ ಹೈದರಾಬಾದಿನಿಂದ ಲೆನ್ಸ್ ಬಂದರೆ ಇಬ್ಬರೂ ಒಬ್ಬನಾಗುತ್ತಾರೆ. ಊರಿಗೆ ಎಲ್ಲಿಂದ ತರಿಸೋಣ?